ತಗ್ಗು ಸ್ವರದ ತಂತಿ: ಮೀರಜದ ತಂಬೂರಿಯಿಂದ ಬೇಸ್ ಗಿಟಾರಿನವರೆಗೆ

ಬಾಗಲಕೋಟೆ ಜಿಲ್ಲೆಯ ಬೀಳಗಿ ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಣ ಊರು. 'ಕಿಸ್ಮತ್' (1943) ಚಿತ್ರದ ಹಾಡುಗಳಿಂದ ದೇಶದಾದ್ಯಂತ ಮನೆಮಾತಾದ ಗಾಯಕಿ ಅಮೀರಬಾಯಿ ಕರ್ನಾಟಕಿ ಹುಟ್ಟಿದ್ದು ಇಲ್ಲಿ. ಬೀಳಗಿ, ಜಮಖಂಡಿ, ಮುಧೋಳ ಸೀಮೆಯಲ್ಲಿ ಸಂಗೀತವೆಂದರೆ ಹಿಂದುಸ್ತಾನಿ ಸಂಗೀತ. ಅದಕ್ಕೆ ಬೇಕಾದ ತಂಬೂರಿ ಎಂದರೆ ಮೀರಜದ ತಂಬೂರಿ. ಜಮಖಂಡಿಯಿಂದ ಅಥಣಿ ದಾಟಿ ಮುಂದೆ ಹೋದರೆ, ಈಗ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಗೆ ಸೇರಿರುವ ಮೀರಜ ಸಿಗುತ್ತದೆ. ಸ್ವಾತಂತ್ರ್ಯಕ್ಕೆ ಮುಂಚೆ ಜಮಖಂಡಿ, ಸಾಂಗ್ಲಿ, ಮೀರಜ ಮೂರೂ ಪಟವರ್ಧನ ಮನೆತನದ ಬೇರೆಬೇರೆ ಶಾಖೆಗಳ ಸಂಸ್ಥಾನಗಳಾಗಿದ್ದವು. ಜನರ ಓಡಾಟಕ್ಕೂ ಸಂಗೀತದ ಓಡಾಟಕ್ಕೂ ಅಡ್ಡಿ ಇರಲಿಲ್ಲ.

ತಂಬೂರಿಗೆ ಸಾಮಾನ್ಯವಾಗಿ ನಾಲ್ಕು ತಂತಿ. ಮೊದಲನೆಯದು ಪಂಚಮ, ನಡುವಿನ ಎರಡು ಷಡ್ಜದ ಜೋಡಿ, ಕೊನೆಯದು ಮಂದ್ರ ಷಡ್ಜ. ಈ ಕೊನೆಯ ತಂತಿಗೆ ನಮ್ಮ ಕಡೆಯ ಗಾಯಕರು 'ಖರ್ಜ' ಎನ್ನುತ್ತಾರೆ. ಇಂದಿನ ಹುಡುಗರು ಕಾಲೇಜಿನ ವಾದ್ಯಗೋಷ್ಠಿಗಳಲ್ಲಿ ನುಡಿಸುವ ಬೇಸ್ ಗಿಟಾರಿಗೂ ನಾಲ್ಕೇ ತಂತಿ. ಅವರಲ್ಲಿ ಕೆಲವರಿಗೆ ಅದರ ಅತಿ ತಗ್ಗಿನ ಸ್ವರವೂ ಸಾಲದು. ಇನ್ನೂ ಕೆಳಗೆ ಇಳಿಸಬೇಕೆಂದು ಬಿರಡೆಯನ್ನು ಹಿಂದಕ್ಕೆ ತಿರುಗಿಸುತ್ತಾರೆ. ತಂತಿ ಜೋಲುತ್ತದೆ, ಪಟಪಟ ಬಡಿದುಕೊಳ್ಳುತ್ತದೆ, ಸ್ವರ ಮಾತ್ರ ಬರುವುದಿಲ್ಲ.

ತಂತಿಯನ್ನು ಸಡಿಲಿಸಿದರೆ ಸ್ವರ ಇಳಿಯುತ್ತದೆ ಎಂಬುದು ಸರಿ. ಹಾಗಾದರೆ ಬೇಕಾದಷ್ಟು ಸಡಿಲಿಸಿ ಬೇಕಾದಷ್ಟು ಇಳಿಸಬಹುದಲ್ಲವೆ? ಯಾಕೆ ಆಗುವುದಿಲ್ಲ? ಈ ಪ್ರಶ್ನೆಗೆ ಉತ್ತರ ಹುಡುಕಲು ವಿಜ್ಞಾನಕ್ಕೆ ಬಹಳ ಕಾಲ ಬೇಕಾಯಿತು. ಆ ಉತ್ತರದ ಒಂದು ಮುಖ್ಯ ಭಾಗ ನಮ್ಮ ನೆರೆಯ ಕುಶಲಕರ್ಮಿಗಳ ಕೈಯಲ್ಲಿ ಮೊದಲೇ ಇತ್ತು.

ಒಂದು ದಂತಕಥೆ ಸುಳ್ಳಾಯಿತು

ಗ್ರೀಸಿನ ಪೈಥಾಗೊರಸ್ ಬಗ್ಗೆ ಒಂದು ಕಥೆಯಿದೆ. ಕಮ್ಮಾರಸಾಲೆಯ ಸುತ್ತಿಗೆಗಳ ನಾದ ಕೇಳಿ ಆತ ಅವುಗಳ ತೂಕ ನೋಡಿದನಂತೆ. ಅದೇ ತೂಕಗಳನ್ನು ತಂತಿಗಳಿಗೆ ತೂಗುಹಾಕಿದಾಗ, ಎರಡರಷ್ಟು ತೂಕಕ್ಕೆ ಸ್ವರ ಒಂದು ಸಪ್ತಕ ಏರಿತಂತೆ. ಶತಮಾನಗಳ ಕಾಲ ವಿದ್ವಾಂಸರು ಇದನ್ನು ನಂಬಿದರು. ಒಬ್ಬರೂ ತಂತಿಗೆ ತೂಕ ಕಟ್ಟಿ ನೋಡಿದಂತಿಲ್ಲ!

ಕಟ್ಟಿ ನೋಡಿದವನು ಇಟಲಿಯ ವಿಂಚೆಂಜೊ ಗೆಲಿಲಿ. ಆತ ಲ್ಯೂಟ್ ಎಂಬ ತಂತಿವಾದ್ಯದ ವಾದಕ, ಪ್ರಸಿದ್ಧ ವಿಜ್ಞಾನಿ ಗೆಲಿಲಿಯೋನ ತಂದೆ. ಸ್ವರವನ್ನು ಒಂದು ಸಪ್ತಕ ಏರಿಸಲು ಎರಡರಷ್ಟಲ್ಲ, ನಾಲ್ಕರಷ್ಟು ತೂಕ ಬೇಕು ಎಂದು ಆತ 1589ರಲ್ಲಿ ಬರೆದ. ಅನಂತರ ಫ್ರಾನ್ಸಿನ ಪಾದ್ರಿ ಮಾರೆನ್ ಮೆರ್ಸೆನ್ 1636ರಲ್ಲಿ ತಂತಿಯ ನಿಯಮಗಳನ್ನು ಒಟ್ಟಾಗಿ ಮುಂದಿಟ್ಟ. ಈಗ ಪಿಯುಸಿ ವಿದ್ಯಾರ್ಥಿಗಳು ಸೋನೋಮೀಟರಿನ ಮೇಲೆ ಪರೀಕ್ಷಿಸುವುದು ಇವನ್ನೇ:

ಆವೃತ್ತಿ = √(ಕರ್ಷಣ ÷ ರೇಖೀಯ ರಾಶಿ) ÷ (2 × ಉದ್ದ)

ಕರ್ಷಣ ಎಂದರೆ ತಂತಿಯ ಬಿಗಿತ. ರೇಖೀಯ ರಾಶಿ ಎಂದರೆ ಒಂದು ಮೀಟರ್ ಉದ್ದದ ತಂತಿಯ ರಾಶಿ.

ಗಡಿಯಾರಗಳೇ ಸರಿಯಿಲ್ಲದ ಕಾಲದಲ್ಲಿ ಮೆರ್ಸೆನ್ ಸೆಕೆಂಡಿಗೆ ಇಷ್ಟು ಕಂಪನ ಎಂದು ಎಣಿಸಿದ್ದು ಹೇಗೆ? ಕಣ್ಣಿಗೆ ಕಾಣುವಷ್ಟು ನಿಧಾನವಾಗಿ ಅಲುಗುವ, ಬಹಳ ಉದ್ದದ ಹಗ್ಗ ಮತ್ತು ತಂತಿಗಳನ್ನು ಕಟ್ಟಿ ಕಂಪನಗಳನ್ನು ಎಣಿಸಿದ. ಬಳಿಕ ನಿಯಮವನ್ನು ಬಳಸಿ, ಕಿವಿಗೆ ಕೇಳುವ ಸಣ್ಣ ತಂತಿಯ ಆವೃತ್ತಿಯನ್ನು ಲೆಕ್ಕ ಹಾಕಿದ. ಅಂದರೆ ಆವೃತ್ತಿಯನ್ನು ಅಳೆಯುವ ವಿದ್ಯೆ ಶುರುವಾದದ್ದೇ ಅತಿ ತಗ್ಗಿನ, ಕೇಳಿಸದ 'ಸ್ವರ'ದಿಂದ.

ಸೂತ್ರದಲ್ಲಿ ಕರ್ಷಣವು ವರ್ಗಮೂಲದ ಒಳಗಿದೆ ಎಂಬುದನ್ನು ಗಮನಿಸಿ. ಸ್ವರವನ್ನು ಒಂದು ಸಪ್ತಕ ಕೆಳಗಿಳಿಸಲು, ಅಂದರೆ ಆವೃತ್ತಿಯನ್ನು ಅರ್ಧ ಮಾಡಲು, ಬಿಗಿತವನ್ನು ಕಾಲು ಭಾಗಕ್ಕೆ ಇಳಿಸಬೇಕಾಗುತ್ತದೆ. ತಂತಿ ಜೋಲುವುದು ಇದಕ್ಕೇ. ಜೋಲುವ ತಂತಿಗೆ ಇನ್ನೊಂದು ದೋಷವೂ ಇದೆ. ಮೀಟಿದ ಕ್ಷಣದಲ್ಲಿ ಅದು ಅಗಲವಾಗಿ ತೂಗುವುದರಿಂದ ತುಸು ಹಿಗ್ಗುತ್ತದೆ, ಬಿಗಿತ ಏರುತ್ತದೆ. ಸ್ವರ ಮೊದಲು ಮೇಲೆ ಹತ್ತಿ, ತೂಗಾಟ ಕಡಿಮೆಯಾದಂತೆ ಕೆಳಗಿಳಿಯುತ್ತದೆ. ಶ್ರುತಿಗೆ ನಿಲ್ಲುವುದಿಲ್ಲ.

ಉಳಿದ ದಾರಿ ಎರಡು: ಉದ್ದ ಹೆಚ್ಚಿಸುವುದು, ತಂತಿಯ ರಾಶಿ ಹೆಚ್ಚಿಸುವುದು.

ಮೀರಜದ ಲೆಕ್ಕ

ಮೀರಜದಲ್ಲಿ ತಂತಿವಾದ್ಯಗಳ ತಯಾರಿಕೆ ಬೆಳೆದದ್ದು 19ನೆಯ ಶತಮಾನದಲ್ಲಿ. ಆಯುಧಗಳನ್ನು ಸಾಣೆ ಹಿಡಿದು ದುರಸ್ತಿ ಮಾಡುತ್ತಿದ್ದ ಶಿಕಲಗಾರ ಮನೆತನಕ್ಕೆ, ಬ್ರಿಟಿಷರ ಆಳ್ವಿಕೆ ನೆಲೆಗೊಂಡ ಮೇಲೆ ಆ ಕೆಲಸ ಕಡಿಮೆಯಾಯಿತು. ಆ ಮನೆತನದ ಫರೀದ್ ಸಾಹೇಬ್ ಸಿತಾರ, ತಂಬೂರಿಗಳ ತಯಾರಿಕೆಗೆ ಕೈಹಾಕಿದರು ಎಂದು ಅಲ್ಲಿನ ಪರಂಪರೆ ಹೇಳುತ್ತದೆ. ಪಂಢರಪುರದ ಕಡೆ ಬೆಳೆಯುವ ದೊಡ್ಡ ಸೋರೆ ಬುರುಡೆಗಳು ಹತ್ತಿರದಲ್ಲೇ ಸಿಗುತ್ತಿದ್ದವು. ಕತ್ತಿಯ ಅಂಚನ್ನು ಬೆರಳಿನಿಂದಲೇ ಅಳೆಯಬಲ್ಲ ಕೈಗಳಿಗೆ ತಂಬೂರಿಯ ಕುದುರೆಯನ್ನು ಕೂದಲೆಳೆಯಷ್ಟು ಉಜ್ಜುವುದು ಕಷ್ಟವಾಗಲಿಲ್ಲ.

ಗಂಡು ಧ್ವನಿಯ ತಂಬೂರಿಯೊಂದರ ಲೆಕ್ಕ ಹಾಕೋಣ. ಕುದುರೆಯಿಂದ ಮೇರುವಿನವರೆಗೆ ತಂತಿಯ ಉದ್ದ 95 ಸೆಂಟಿಮೀಟರ್ ಇರಲಿ. ಗಾಯಕನ ಷಡ್ಜ ಹಾರ್ಮೋನಿಯಮ್ಮಿನ ಕಪ್ಪು ಒಂದು, ಅಂದರೆ ಸುಮಾರು 138.6 ಹರ್ಟ್ಸ್. ಜೋಡಿ ತಂತಿಗಳು 0.4 ಮಿಲಿಮೀಟರ್ ದಪ್ಪದ ಉಕ್ಕಿನವು ಎಂದಾದರೆ, ಸೂತ್ರದ ಪ್ರಕಾರ ಅವುಗಳ ಬಿಗಿತ ಸುಮಾರು 7 ಕಿಲೋಗ್ರಾಂ ಭಾರದಷ್ಟು.

ಖರ್ಜದ ಆವೃತ್ತಿ ಇದರ ಅರ್ಧ, 69.3 ಹರ್ಟ್ಸ್. ಅದೇ ಉಕ್ಕಿನ ತಂತಿಯನ್ನು ಸಡಿಲಿಸಿದರೆ ಬಿಗಿತ 1.75 ಕಿಲೋಗ್ರಾಂ ಭಾರಕ್ಕೆ ಇಳಿದು ತಂತಿ ಜೋಲುತ್ತದೆ. ಬದಲಿಗೆ 0.8 ಮಿಲಿಮೀಟರಿನ ಹಿತ್ತಾಳೆ ತಂತಿ ಹಾಕಿ ನೋಡಿ. ದಪ್ಪ ಎರಡರಷ್ಟಾದಾಗ ಅಡ್ಡಕೊಯ್ತದ ವಿಸ್ತೀರ್ಣ ನಾಲ್ಕರಷ್ಟಾಗುತ್ತದೆ. ಹಿತ್ತಾಳೆ ಉಕ್ಕಿಗಿಂತ ತುಸು ಸಾಂದ್ರವೂ ಹೌದು. ಈಗ 69.3 ಹರ್ಟ್ಸ್‌ಗೆ ಬೇಕಾಗುವ ಬಿಗಿತ ಸುಮಾರು ಏಳೂವರೆ ಕಿಲೋಗ್ರಾಂ ಭಾರ. ಜೋಡಿ ತಂತಿಗಳಿಗೆ ಹೆಚ್ಚುಕಡಿಮೆ ಸಮ. ನಾಲ್ಕೂ ತಂತಿಗಳು ಬೆರಳಿಗೆ ಒಂದೇ ಹದದಲ್ಲಿ ಸಿಗುತ್ತವೆ, ದಂಡಿಯ ಮೇಲಿನ ಸೆಳೆತವೂ ಸಮನಾಗಿ ಹಂಚುತ್ತದೆ. ತಂಬೂರಿ ಕಟ್ಟುವವರು ಈ ಸೂತ್ರವನ್ನು ಓದಿರಲಿಲ್ಲ. ಆದರೆ ಖರ್ಜಕ್ಕೆ ದಪ್ಪ ಹಿತ್ತಾಳೆ, ಜೋಡಿಗೆ ತೆಳು ಉಕ್ಕು ಎಂಬ ರೂಢಿ ಅದೇ ಸೂತ್ರದ ಉತ್ತರ.

ಉಕ್ಕನ್ನೇ ದಪ್ಪ ಮಾಡಬಹುದಿತ್ತಲ್ಲ, ಹಿತ್ತಾಳೆ ಏಕೆ? ಆದರ್ಶ ತಂತಿಗೆ ಬಿಗಿತ ಮಾತ್ರ ಇರುತ್ತದೆ, ಪೆಡಸು ಇರುವುದಿಲ್ಲ. ನಿಜವಾದ ತಂತಿ ಒಂದು ಸಣ್ಣ ಸರಳಿನಂತೆ. ಬಾಗಲು ಅದು ವಿರೋಧ ಒಡ್ಡುತ್ತದೆ. ಇದರಿಂದ ಅದರ ಉಪಸ್ವರಗಳು, ಅಂದರೆ ಹಾರ್ಮೋನಿಕ್‌ಗಳು, ಮೂಲಸ್ವರದ ಸರಿಯಾದ 2, 3, 4 ಪಟ್ಟಿನಲ್ಲಿ ನಿಲ್ಲದೆ ತುಸು ಮೇಲೆ ಸರಿಯುತ್ತವೆ. ನಾದ ಗಂಟೆಯಂತೆ ಒಡೆದು ಕೇಳುತ್ತದೆ. ಉದ್ದ ಮತ್ತು ಬಿಗಿತ ಒಂದೇ ಆಗಿದ್ದರೆ ಈ ದೋಷ ದಪ್ಪದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಬೆಳೆಯುತ್ತದೆ: ದಪ್ಪ ಎರಡರಷ್ಟಾದರೆ ದೋಷ 16 ಪಟ್ಟು! ಹಿತ್ತಾಳೆಯ ಯಂಗ್ ಗುಣಾಂಕ ಉಕ್ಕಿನದರ ಸುಮಾರು ಅರ್ಧ. ಆದುದರಿಂದ ಅಷ್ಟೇ ದಪ್ಪದಲ್ಲಿ ಹಿತ್ತಾಳೆ ಹೆಚ್ಚು ಭಾರ, ಕಡಿಮೆ ಪೆಡಸು. ತಗ್ಗು ಸ್ವರಕ್ಕೆ ಬೇಕಾದ ಎರಡೂ ಗುಣ ಅದರಲ್ಲಿವೆ.

ಯೂರೋಪಿನಲ್ಲಿ ಇದೇ ತೊಡಕಿಗೆ ಬೇರೆ ಪರಿಹಾರ ದೊರೆಯಿತು. 17ನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿನವರು ಪ್ರಾಣಿಯ ಕರುಳಿನಿಂದ ಮಾಡಿದ ತಂತಿಗೆ ಲೋಹದ ಸಣ್ಣ ತಂತಿಯನ್ನು ಒತ್ತಾಗಿ ಸುತ್ತತೊಡಗಿದರು. ಒಳಗಿನ ತೆಳು ಎಳೆ ಬಿಗಿತವನ್ನು ಹೊರುತ್ತದೆ, ಹೊರಗಿನ ಸುತ್ತು ಭಾರವನ್ನು ಮಾತ್ರ ಕೊಡುತ್ತದೆ. ಪೆಡಸು ಅಷ್ಟಾಗಿ ಹೆಚ್ಚುವುದಿಲ್ಲ. ಪಿಯಾನೋದ ಮಂದ್ರ ತಂತಿಗಳಿಂದ ಹಿಡಿದು ಬೇಸ್ ಗಿಟಾರಿನ ತಂತಿಯವರೆಗೆ ಇಂದಿಗೂ ಇದೇ ಉಪಾಯ.

ಬುರುಡೆ ಚಿಕ್ಕದು, ಸ್ವರ ದೊಡ್ಡದು

ತಂತಿ ಕಂಪಿಸಿದ ಮಾತ್ರಕ್ಕೆ ಸ್ವರ ಕೇಳುವುದಿಲ್ಲ. ಆ ಕಂಪನವನ್ನು ಬುರುಡೆ ಮತ್ತು ಮೇಲ್ಹಲಗೆ ಗಾಳಿಗೆ ದಾಟಿಸಬೇಕು. ಇಲ್ಲಿ ಎರಡನೆಯ ಸಮಸ್ಯೆ ಎದುರಾಗುತ್ತದೆ. 69.3 ಹರ್ಟ್ಸ್ ಶಬ್ದದ ತರಂಗದೂರ ಗಾಳಿಯಲ್ಲಿ ಸುಮಾರು 5 ಮೀಟರ್. ಬುರುಡೆಯ ಅಡ್ಡಳತೆ ಅರ್ಧ ಮೀಟರೂ ಇಲ್ಲ. ತರಂಗದೂರಕ್ಕಿಂತ ಬಹಳ ಚಿಕ್ಕದಾದ ವಸ್ತು ಆ ತರಂಗವನ್ನು ಹೊರಸೂಸುವಲ್ಲಿ ದುರ್ಬಲ. ಆದರೂ ಖರ್ಜ ಕೋಣೆ ತುಂಬುವಂತೆ ಕೇಳುತ್ತದಲ್ಲ, ಹೇಗೆ?

ಉತ್ತರ ಎರಡು ಕಡೆ ಇದೆ: ನಮ್ಮ ಕಿವಿಯಲ್ಲಿ ಮತ್ತು ತಂಬೂರಿಯ ಕುದುರೆಯಲ್ಲಿ.

ಮೊದಲು ಕಿವಿ. 139, 208, 277, 346 ಹರ್ಟ್ಸ್... ಹೀಗೆ 69.3ರ ಪಟ್ಟುಗಳು ಒಟ್ಟಿಗೆ ಕೇಳಿದರೆ, 69.3 ಹರ್ಟ್ಸ್ ಕ್ಷೀಣವಾಗಿದ್ದರೂ ಮಿದುಳು ಅದೇ ಮೂಲಸ್ವರವನ್ನು ಗುರುತಿಸುತ್ತದೆ. ಹಳೆಯ ದೂರವಾಣಿ ವ್ಯವಸ್ಥೆ 300 ಹರ್ಟ್ಸ್‌ಗಿಂತ ಕೆಳಗಿನ ಶಬ್ದವನ್ನು ಹೆಚ್ಚಾಗಿ ಬಿಟ್ಟುಬಿಡುತ್ತಿತ್ತು. ಗಂಡಸರ ದನಿಯ ಮೂಲ ಆವೃತ್ತಿ ಸುಮಾರು 100ರಿಂದ 150 ಹರ್ಟ್ಸ್. ಹಾಗಿದ್ದೂ ದೂರವಾಣಿಯಲ್ಲಿ ಅಪ್ಪನ ದನಿ ಅಪ್ಪನ ದನಿಯಾಗಿಯೇ ಕೇಳುತ್ತಿತ್ತು. ತಗ್ಗು ಸ್ವರ ಕೇಳಬೇಕಾದರೆ ಉಪಸ್ವರಗಳು ಸಮೃದ್ಧವಾಗಿರಬೇಕು, ಸರಿಯಾದ ಪಟ್ಟಿನಲ್ಲಿಯೂ ಇರಬೇಕು ಎಂದಾಯಿತು. ತಂತಿಯ ಪೆಡಸು ಏಕೆ ಅಷ್ಟು ದೊಡ್ಡ ದೋಷ ಎಂಬುದೂ ಇದರಿಂದ ತಿಳಿಯುತ್ತದೆ.

ಇನ್ನು ಕುದುರೆ. ಪಿಟೀಲಿನ ಕುದುರೆಗೆ ಚೂಪಾದ ಅಂಚಿದೆ. ತಂಬೂರಿಯದು ಅಗಲ, ಅದರ ಮೇಲ್ಮೈ ಕಂಡೂ ಕಾಣದಷ್ಟು ಉಬ್ಬಿರುತ್ತದೆ. ಪ್ರತಿ ತಂತಿಯ ಅಡಿಯಲ್ಲಿ ಒಂದು ದಾರದ ಎಳೆ ಇಡುತ್ತಾರೆ. ಅದನ್ನು ಹಿಂದೆ ಮುಂದೆ ಸರಿಸುತ್ತ ಹೋದರೆ ಒಂದು ನಿರ್ದಿಷ್ಟ ಜಾಗದಲ್ಲಿ ತಂತಿ ಥಟ್ಟನೆ 'ಬಿಚ್ಚಿಕೊಳ್ಳುತ್ತದೆ'. ಜೇನು ಝೇಂಕರಿಸಿದಂತಹ ನಾದ ಹೊರಡುತ್ತದೆ. ಇದೇ ಜವಾರಿ. ಅಲುಗುವ ತಂತಿ ಪ್ರತಿ ಆವರ್ತದಲ್ಲಿ ಕುದುರೆಯ ಉಬ್ಬನ್ನು ಸವರಿ ಹೋಗುತ್ತದೆ. ಆ ಸವರುವಿಕೆ ತಂತಿಯ ಶಕ್ತಿಯನ್ನು ಮೂಲಸ್ವರದಿಂದ ಮೇಲಿನ ಉಪಸ್ವರಗಳಿಗೆ ಸತತವಾಗಿ ಹಂಚುತ್ತಿರುತ್ತದೆ. ಬುರುಡೆಗೆ ಹೊರಸೂಸಲು ಕಷ್ಟವಾದ ತಗ್ಗು ಆವೃತ್ತಿ, ಸುಲಭವಾದ ಎತ್ತರದ ಆವೃತ್ತಿಗಳ ರೂಪದಲ್ಲಿ ಹೊರಗೆ ಬರುತ್ತದೆ. ಮಿದುಳು ಅವನ್ನು ಕೂಡಿಸಿ ಖರ್ಜವನ್ನು ಕೇಳುತ್ತದೆ.

ಸಾಂಗ್ಲಿ, ಮೀರಜ, ಕಲ್ಕತ್ತ

ಈ ವಾದ್ಯಗಳತ್ತ ವಿಜ್ಞಾನದ ಕಣ್ಣು ಹೊರಳಿದ್ದು 20ನೆಯ ಶತಮಾನದ ಆರಂಭದಲ್ಲಿ. ಸಾಂಗ್ಲಿಯ ಕೆ.ಬಿ. ದೇವಲ್ ನಿವೃತ್ತ ಡೆಪ್ಯುಟಿ ಕಲೆಕ್ಟರ್. ತಂತಿಯ ಉದ್ದದ ಅನುಪಾತಗಳ ಮೂಲಕ ಹಿಂದುಸ್ತಾನಿ ಸಂಗೀತದ 22 ಶ್ರುತಿಗಳನ್ನು ನಿರ್ಧರಿಸಲು ಯತ್ನಿಸಿ ಅವರು 1910ರಲ್ಲಿ ಪುಸ್ತಕ ಪ್ರಕಟಿಸಿದರು. ಅವರ ಶ್ರುತಿ ಸಂಶೋಧನೆಗೆ ನೆರವಾದವರು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ (1872-1937). ಮೀರಜದಲ್ಲಿ ನೆಲೆಸಿದ್ದ ಈ ಉಸ್ತಾದರು ತಂಬೂರಿಯ ಜವಾರಿಯನ್ನು ಸ್ವತಃ ಸರಿಪಡಿಸುವುದರಲ್ಲೂ ಪಳಗಿದವರು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಜವಾರಿ ತುಂಬಿದ ತಂಬೂರಿಯ ನಾದದಲ್ಲಿ ಸ್ವರ ಲೀನವಾಗಬೇಕೆಂಬ ಹಟ ಈ ಪರಂಪರೆಯ ಗುರುತು.

1921ರಲ್ಲಿ ಕಲ್ಕತ್ತದಲ್ಲಿ ಸಿ.ವಿ. ರಾಮನ್ ಭಾರತೀಯ ತಂತಿವಾದ್ಯಗಳನ್ನು ಕುರಿತ ಒಂದು ಸಣ್ಣ ಪ್ರಬಂಧ ಪ್ರಕಟಿಸಿದರು. ಅದರಲ್ಲಿ ಅವರು ಎತ್ತಿದ್ದು ಸರಳವಾದ, ಆದರೆ ಆಳವಾದ ಪ್ರಶ್ನೆ. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೋ, ಆ ಬಿಂದುವಿನಲ್ಲಿ ನಿಸ್ಪಂದ (ಅಲುಗದ ಬಿಂದು) ಇರುವ ಉಪಸ್ವರಗಳು ಹುಟ್ಟಬಾರದು. ಇದು ಇಂಗ್ಲೆಂಡಿನ ಥಾಮಸ್ ಯಂಗ್ 1800ರಲ್ಲಿ ಕಂಡುಕೊಂಡ ನಿಯಮ. ಸರಿ ನಡುವೆ ಮೀಟಿದರೆ 2, 4, 6ನೆಯ ಉಪಸ್ವರಗಳು ಇರಬಾರದು. ಆದರೆ ವೀಣೆ ಮತ್ತು ತಂಬೂರಿಯಲ್ಲಿ ಅವು ಗಟ್ಟಿಯಾಗಿಯೇ ಕೇಳುತ್ತವೆ! ಕಾರಣ ಆ ಉಬ್ಬಿದ ಕುದುರೆ ಎಂದು ರಾಮನ್ ತೋರಿಸಿದರು. ನಿಯಮ ತಪ್ಪಲ್ಲ, ತಂತಿಯ ತುದಿ ಒಂದೇ ಕಡೆ ಗಟ್ಟಿಯಾಗಿ ನಿಂತಿರುತ್ತದೆ ಎಂಬ ಅದರ ಊಹೆ ತಂಬೂರಿಗೆ ಅನ್ವಯಿಸುವುದಿಲ್ಲ. ಅದೇ ವರ್ಷ ಅವರು ಕೈಗೊಂಡ ಸಮುದ್ರಯಾನ ಅವರನ್ನು ಬೆಳಕಿನ ಚದರಿಕೆಯತ್ತ ಒಯ್ದದ್ದು ಎಲ್ಲರಿಗೂ ಗೊತ್ತು. ತಂಬೂರಿಯ ಪ್ರಬಂಧ ಅಷ್ಟು ಪ್ರಸಿದ್ಧವಲ್ಲ. ಆದರೆ ತಲೆಮಾರುಗಳಿಂದ ಕುಶಲಕರ್ಮಿಗಳು ಕಿವಿಯಿಂದಲೇ ಸಾಧಿಸಿದ್ದನ್ನು ಅದು ಭೌತವಿಜ್ಞಾನದ ಪ್ರಶ್ನೆಯನ್ನಾಗಿ ಮಾಡಿತು.

ಮತ್ತೆ ನಾಲ್ಕು ತಂತಿ

ಪಾಶ್ಚಾತ್ಯ ವಾದ್ಯವೃಂದದಲ್ಲಿ ತಗ್ಗು ಸ್ವರದ ಹೊಣೆ ಹೊತ್ತದ್ದು ಡಬಲ್ ಬೇಸ್ ಎಂಬ ಆಳೆತ್ತರದ ಪಿಟೀಲು. ಅದನ್ನು ಹೊತ್ತು ತಿರುಗುವುದು ಕಷ್ಟ, ದೊಡ್ಡ ಸಭೆಯಲ್ಲಿ ಅದರ ದನಿ ಸಾಲದು. ಕಂಪನವನ್ನು ವಿದ್ಯುತ್ತಾಗಿ ಬದಲಿಸಿ ವರ್ಧಿಸುವುದಾದರೆ ದೊಡ್ಡ ಒಡಲೇ ಬೇಕಿಲ್ಲ. ಈ ಯೋಚನೆಯಿಂದ 1930ರ ದಶಕದಲ್ಲಿ ಅಮೆರಿಕದ ಪಾಲ್ ಟಟ್‌ಮಾರ್ಕ್ ವಿದ್ಯುತ್ ಬೇಸ್ ತಯಾರಿಸಿದ. 1951ರಲ್ಲಿ ಲಿಯೋ ಫೆಂಡರ್ ಮಾರುಕಟ್ಟೆಗೆ ತಂದ ಬೇಸ್ ಗಿಟಾರ್ ಲೋಕದಾದ್ಯಂತ ಮಾದರಿಯಾಯಿತು. ಅದರ ತಂತಿಯ ಉದ್ದ 34 ಅಂಗುಲ, ಅಂದರೆ ಸುಮಾರು 86 ಸೆಂಟಿಮೀಟರ್. ನಾಲ್ಕು ತಂತಿಗಳ ಆವೃತ್ತಿ 41.2, 55, 73.4 ಮತ್ತು 98 ಹರ್ಟ್ಸ್. ನಮ್ಮ ಖರ್ಜ ಇದರ ಮೂರನೆಯ ಸಂಖ್ಯೆಯ ಹತ್ತಿರದ ನೆರೆ.

ಇನ್ನೂ ತಗ್ಗು ಸ್ವರ ಬೇಕೆಂದು 1970ರ ದಶಕದಲ್ಲಿ ಆಂಟನಿ ಜಾಕ್ಸನ್ ಎಂಬ ವಾದಕ ಆರು ತಂತಿಯ ಬೇಸ್ ಮಾಡಿಸಿದ. ಅದರ ಅತಿ ತಗ್ಗಿನ ತಂತಿ 30.9 ಹರ್ಟ್ಸ್. ಅದೇ ಸ್ವರವನ್ನು ನಾಲ್ಕು ತಂತಿಯ ಬೇಸಿನಲ್ಲಿ ಪಡೆಯಬಹುದೆ? 41.2 ಹರ್ಟ್ಸ್‌ನಲ್ಲಿ ಸಾಮಾನ್ಯ ದಪ್ಪದ (ಸುಮಾರು 2.7 ಮಿಲಿಮೀಟರ್) ತಂತಿಯ ಬಿಗಿತ ಸುಮಾರು 18 ಕಿಲೋಗ್ರಾಂ ಭಾರ. ಅದನ್ನೇ 30.9ಕ್ಕೆ ಇಳಿಸಿದರೆ ಬಿಗಿತ 10ಕ್ಕೆ ಕುಸಿಯುತ್ತದೆ. ಬಿಗಿತ ಉಳಿಯಬೇಕಾದರೆ ತಂತಿಯ ರಾಶಿ 1.78 ಪಟ್ಟು, ದಪ್ಪ ಸುಮಾರು 1.33 ಪಟ್ಟು ಆಗಬೇಕು. ಅದಕ್ಕೇ ತಿಳಿದವರು ಬಿರಡೆ ಸಡಿಲಿಸುವುದಿಲ್ಲ. ಐದು ತಂತಿಯ ಬೇಸಿಗೆಂದು ಮಾರುವ ಸೆಟ್ಟಿನಿಂದ ಕೆಳಗಿನ ನಾಲ್ಕು ದಪ್ಪ ತಂತಿಗಳನ್ನು ತೆಗೆದು ಹಾಕುತ್ತಾರೆ.

ತಂತಿ ಬದಲಾದರೆ ಉಳಿದದ್ದೂ ಬದಲಾಗಬೇಕು. ದಪ್ಪ ತಂತಿ ಕೂರಲು ಮೇರುವಿನ ಕಚ್ಚನ್ನು ಅಗಲಿಸಬೇಕು. ದಂಡಿಯೊಳಗೆ ತಂತಿಗಳ ಸೆಳೆತಕ್ಕೆ ಎದುರಾಗಿ ಒಂದು ಉಕ್ಕಿನ ಸರಳು ಇರುತ್ತದೆ. ಒಟ್ಟು ಸೆಳೆತ ಬದಲಾದಾಗ ಅದನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ ದಂಡಿಯ ಬಾಗನ್ನು ಹದಕ್ಕೆ ತರಬೇಕು. ತಗ್ಗು ಸ್ವರದ ತಂತಿ ಅಗಲವಾಗಿ ತೂಗುವುದರಿಂದ ಮೆಟ್ಟಿಲುಗಳಿಗೆ ತಾಗದಂತೆ ಅದನ್ನು ತುಸು ಎತ್ತರಿಸಬೇಕು. ಕೊನೆಗೆ ಕುದುರೆಯ ಆಧಾರವನ್ನು ಹಿಂದಕ್ಕೆ ಸರಿಸಬೇಕು. ಪೆಡಸಾದ ತಂತಿಯ ತುದಿ ಸುಲಭವಾಗಿ ಬಾಗದು, ಮೆಟ್ಟಿಲಿನ ಮೇಲೆ ಒತ್ತಿದಾಗ ಅದರ ಸ್ವರವೂ ತುಸು ಹೆಚ್ಚಾಗಿಯೇ ಏರುತ್ತದೆ. ಉದ್ದ ಕೂಡಿಸಿ ಇದನ್ನು ಸರಿದೂಗಿಸುತ್ತಾರೆ. ಇಲ್ಲಿ ಒಂದು ಸ್ವಾರಸ್ಯವಿದೆ. ತಂತಿ ಗಟ್ಟಿ ಮೇಲ್ಮೈಗೆ ತಾಗಿ ಝೇಂಕರಿಸಿದರೆ ಗಿಟಾರಿನವರು ಅದನ್ನು ದೋಷವೆಂದು ತಿದ್ದುತ್ತಾರೆ. ತಂಬೂರಿಯವರು ಅದನ್ನೇ ಪಳಗಿಸಿ ಗುಣವಾಗಿಸಿದರು.

ಇಂದು ಹೆಚ್ಚಿನ ಮನೆಗಳಲ್ಲಿ ಸಂಗೀತದ ಅಭ್ಯಾಸಕ್ಕೆ ಇಲೆಕ್ಟ್ರಾನಿಕ್ ತಂಬೂರಿ ಅಥವಾ ಮೊಬೈಲಿನ ತಂಬೂರಿ ಸಾಕಾಗಿದೆ. ಮೊಬೈಲಿನ ಪುಟ್ಟ ಧ್ವನಿವರ್ಧಕ 69 ಹರ್ಟ್ಸ್ ಅನ್ನು ಬಹುತೇಕ ಹೊರಡಿಸಲಾರದು. ಅಲ್ಲಿ ನಾವು ಖರ್ಜವನ್ನು ಕೇಳುವುದು ಬರಿಯ ಉಪಸ್ವರಗಳಿಂದ. ಮೀರಜದ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಆದರೆ ಜವಾರಿ ತೆಗೆಯುವ ವಿದ್ಯೆ ಕೈಯಿಂದ ಕೈಗೆ, ಕಿವಿಯಿಂದ ಕಿವಿಗೆ ಬರುವಂಥದು. ತಂಬೂರಿಯನ್ನು ಕೊಳ್ಳುವವರು, ಹಿಡಿದು ಕೂರುವವರು ಇಲ್ಲದಿದ್ದರೆ ಮಾನ್ಯತೆಯ ಪತ್ರ ಆ ಕಿವಿಯನ್ನು ಉಳಿಸಲಾರದು.

ಎಷ್ಟೋ ಶಾಲೆಗಳಲ್ಲಿ ಸೋನೋಮೀಟರ್ ಭೌತವಿಜ್ಞಾನದ ಕಪಾಟಿನಲ್ಲಿದೆ, ತಂಬೂರಿ ಸಂಗೀತದ ಕೋಣೆಯ ಮೂಲೆಯಲ್ಲಿದೆ. ಶಿಕ್ಷಕರು ಒಂದು ದಿನ ಎರಡನ್ನೂ ಒಂದೇ ಮೇಜಿನ ಮೇಲೆ ತರಬಹುದು.

ಮಾಡಿ ನೋಡಿ

1. ಸುಮಾರು 10 ಮೀಟರ್ ಉದ್ದದ, ನೀರು ಸೇದುವ ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ. ಇನ್ನೊಂದು ತುದಿಯನ್ನು ರಾಟೆಯ ಮೇಲೆ ಹಾಯಿಸಿ ಬಕೆಟ್ ತೂಗುಹಾಕಿ. ಬಕೆಟ್ಟೂ ನೀರೂ ಸೇರಿ 2 ಕಿಲೋಗ್ರಾಂ ಇರಲಿ. ಹಗ್ಗವನ್ನು ನಡುವೆ ಹಿಡಿದು ಪಕ್ಕಕ್ಕೆ ಎಳೆದು ಬಿಡಿ. ಹಗ್ಗದ ರಾಶಿ ಮೀಟರಿಗೆ 50 ಗ್ರಾಂ ಇದ್ದರೆ ಅದು ಸೆಕೆಂಡಿಗೆ ಸುಮಾರು ಒಂದು ಸಲ ತೂಗುತ್ತದೆ, ಎಣಿಸಬಹುದು. ಒಟ್ಟು ಭಾರವನ್ನು 8 ಕಿಲೋಗ್ರಾಂಗೆ ಏರಿಸಿ ಮತ್ತೆ ಎಣಿಸಿ. ಎಣಿಕೆ ನಾಲ್ಕು ಪಟ್ಟಾಯಿತೋ, ಎರಡು ಪಟ್ಟೋ?

2. ತಂಬೂರಿಯ ಖರ್ಜದ ತಂತಿಯನ್ನು ಸರಿ ನಡುವೆ ಮೀಟಿ. ಮೀಟಿದ ಕೂಡಲೆ ಅದೇ ಬಿಂದುವಿನಲ್ಲಿ ಬೆರಳಿನಿಂದ ಹಗುರವಾಗಿ ಮುಟ್ಟಿ. ಮೂಲಸ್ವರ ನಿಂತು ಮೇಲಿನ ಷಡ್ಜ ಕೇಳುತ್ತದೆಯೆ? ಈಗ ಕುದುರೆಯ ಮೇಲಿನ ದಾರವನ್ನು ತೆಗೆದು, ತಂತಿಯ ಅಡಿಗೆ ಕುದುರೆಯ ಮುಂಭಾಗದಲ್ಲಿ ಚೂಪು ಅಂಚಿನ ಮರದ ತುಂಡೊಂದನ್ನು ಸಿಕ್ಕಿಸಿ, ಇದನ್ನೇ ಪುನಃ ಮಾಡಿ. ಎರಡೂ ಸಲ ಕೇಳಿದ್ದನ್ನು ಬರೆದಿಟ್ಟು ಹೋಲಿಸಿ.